ಇಪ್ಪತ್ತಮೂರು ದಿನ

ಫೆಬ್ರವರಿ 4

ನನ್ನ ಜೀರುಂಡೆಗೆ,

ನಿನ್ನ ಕಾಗದ ಬಂದು ಆರು ದಿನ ಆಯ್ತು. ಫೋನಲ್ಲಿ ಮಾತಾಡಿದ್ರೆ ಮೂರನೇ ನಿಮಿಷಕ್ಕೆ ನಾವಿಬ್ಬರೂ ಕೋಳಿ ಜಗಳ ಶುರು ಮಾಡ್ತೀವಿ, ಕಾಗದ ಬರೆದ್ರೆ ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬಾಯಿ ಹಾಕೋಕಾಗಲ್ಲ ಅಂತ ಬರೆದಿದ್ದೀಯ. ಓದಿ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಸರಿ, ಹಾಗೇ ಆಗಲಿ. ಆಫೀಸಿನ ಟಿಪ್ಪಣಿ ಬಿಟ್ಟು ಬೇರೇನಾದ್ರೂ ಬರೆದು ಎಷ್ಟೋ ವರ್ಷ ಆಗಿದೆ. ಕೈ ಕೂರೋ ತನಕ ಸಹಿಸ್ಕೋ.

ಸುದ್ದಿ ಎರಡಿವೆ. ಒಂದು, ನಮ್ಮ ಆಫೀಸಿನ ದೊಡ್ಡವರು ನಿವೃತ್ತಿ ಆಗ್ತಿದಾರೆ. ಇದೇ ಇಪ್ಪತ್ತೇಳಕ್ಕೆ ಸಭೆ. ಆಫೀಸಿನ ಮುಖ್ಯಸ್ಥೆ ಅಂತ ನನ್ನ ಹೆಸರು ಹೇಳ್ತಾರಂತೆ. ಇಪ್ಪತ್ತೆರಡು ವರ್ಷ ಅದೇ ಮೆಟ್ಟಿಲು ಹತ್ತಿದ್ದೀನಿ, ಇಂಥಾ ಕಟ್ಟಡ ನಿಲ್ಲುತ್ತೆ ಅಂತ ಕಾಗದದ ಮೇಲೆ ಸಹಿ ಹಾಕ್ತಾನೇ ಬಂದಿದ್ದೀನಿ. ನಿನ್ನ ಶಾಲೆಯ ಎಷ್ಟೋ ಸಭೆಗಳಿಗೆ ಬರದೇ ಇದ್ದದ್ದೂ ಅದಕ್ಕೇ. ಅದನ್ನ ನೀನು ನೆನಪಿಸೋ ಮುಂಚೆ ನಾನೇ ಬರೆದುಬಿಡ್ತೀನಿ.

ಎರಡನೇದು ನಿಂಗೆ ಗೊತ್ತಿರೋದೇ. ಏಪ್ರಿಲ್‌ನಲ್ಲಿ ನಾನೂ ಈಜು ಕಲಿಸೋ ಕೋಚೂ ರಿಜಿಸ್ಟರ್ ಮದುವೆ ಆಗೋಣ ಅಂತ. ನೀನು ಏಳು ವರ್ಷದವಳಿದ್ದಾಗ ಕಟ್ಟಿದ ಈಜುಕೊಳದಲ್ಲೇ ಅವರು ಈಗ ಮಕ್ಕಳಿಗೆ ಕಲಿಸ್ತಿರೋದು. ಹೆಂಡತಿ ತೀರ್ಕೊಂಡ ಮೇಲೆ ಈ ಊರಿಗೆ ಬಂದ್ರು. 'ನನಗೆ ಅಭಿಪ್ರಾಯ ಏನೂ ಇಲ್ಲ' ಅಂತ ಬರೆದಿದ್ದೀಯಲ್ಲ, ಆ ಒಂದು ಸಾಲಿಂದ ನಿನ್ನ ಅಭಿಪ್ರಾಯ ಚೆನ್ನಾಗೇ ಗೊತ್ತಾಯ್ತು. ನಿಮ್ಮಪ್ಪ ಬಿಟ್ಟು ಹೋದಾಗ ನಿಂಗೆ ಹನ್ನೆರಡು. ಆ ಮೇಲೆ ನಮ್ಮ ಮನೇಲಿ ಇದ್ದದ್ದು ನಾವಿಬ್ಬರೇ. ಈಗ ನಲವತ್ತೊಂಬತ್ತರಲ್ಲಿ ಅಮ್ಮನಿಗೆ ಇದೇನು ಬಂತು ಅಂತ ನಿಂಗೆ ಅನ್ನಿಸಿದ್ರೆ, ನಂಗೂ ಒಂದೊಂದ್ಸಲ ಹಾಗೇ ಅನ್ನಿಸುತ್ತೆ. ಆಮೇಲೆ ಅವರು 'ಏನು ಇಂಜಿನಿಯರಮ್ಮಾ' ಅಂತ ಬಾಗಿಲಲ್ಲಿ ನಿಂತ್ರೆ ಆ ಪ್ರಶ್ನೆನೇ ಮರೆತುಹೋಗುತ್ತೆ.

ನಿನ್ನೆ ಆಫೀಸಿನಲ್ಲಿ ಒಂದು ವರದಿ ಓದಿದೆ. ದೂರದ ಯಾವುದೋ ಊರಲ್ಲಿ ಈಜುಕೊಳದ ಒಳಚಾವಣಿ ಬಿದ್ದಿದೆ. ಎರಡು ಸಲ ಓದಿದೆ. ಬಿಡು, ಅದು ಆಫೀಸಿನ ವಿಷಯ.

ಊಟ ಹೊತ್ತಿಗೆ ಸರಿಯಾಗಿ ಮಾಡು.

ನಿನ್ನ
ಅಮ್ಮ


ಫೆಬ್ರವರಿ 12

ಅಮ್ಮಾ,

ಮುಖ್ಯಸ್ಥೆ ಆಗ್ತಿರೋದಕ್ಕೆ ಖುಷಿ ಆಯ್ತು. ನಿಜವಾಗ್ಲೂ. ಸ್ಟಾಫ್ ರೂಮಲ್ಲಿ ಎಲ್ಲರಿಗೂ ಹೇಳಿದೆ. ಗಣಿತದ ಮೇಷ್ಟ್ರು 'ನಿಮ್ಮಮ್ಮನ ತಲೆ ನಿಮಗೆ ಯಾಕೆ ಬರಲಿಲ್ಲ' ಅಂದ್ರು. ಸಿಟ್ಟು ಮಾತ್ರ ಬಂತು, ತಲೆ ಅಲ್ಲೇ ಉಳ್ಕೊಂಡಿತು ಅಂದೆ.

ಮದುವೆ ವಿಷಯದಲ್ಲಿ ನಂಗೆ ಇನ್ನೂ ಅಭಿಪ್ರಾಯ ಇಲ್ಲ. ಅವರು ಕೆಟ್ಟವರು ಅಂತ ನಾನು ಅಂದಿಲ್ಲ. ನಾನು ಅವರನ್ನ ನೋಡೇ ಇಲ್ಲ. ನಾನು ಶಾಲೆಯಿಂದ ಬಂದು ಮೆಟ್ಟಿಲ ಮೇಲೆ ಕೂತು ನಿನಗೆ ಕಾಯ್ತಿದ್ದೆ, ನಿಂಗೆ ಸೈಟಿನಿಂದ ಬರೋಕೆ ಪುರುಸೊತ್ತಿರಲಿಲ್ಲ. ಈಗ ಅವರ ಜೊತೆ ವಾರಕ್ಕೆ ಐದು ದಿನ ಊಟಕ್ಕೆ ಪುರುಸೊತ್ತಿದೆ. ಇಷ್ಟೇ. ಇದು ಹೊಟ್ಟೆಕಿಚ್ಚು ಅಂತ ನಂಗೂ ಗೊತ್ತು. ಇಪ್ಪತ್ತಮೂರು ವರ್ಷದ ಟೀಚರ್‌ಗೆ ಇದು ಶೋಭೆ ಅಲ್ಲ ಅಂತಾನೂ ಗೊತ್ತು.

ಈಗ ಮುಖ್ಯ ವಿಷಯ. ನೀನು ಯಾವುದಕ್ಕೆ 'ಬಿಡು' ಅಂತೀಯೋ ಅದೇ ನಿನ್ನ ಎದೆ ಮೇಲೆ ಕೂತಿರುತ್ತೆ. ಅಪ್ಪ ಹೋದ ದಿನಾನೂ ನೀನು ತರಕಾರಿ ಹೆಚ್ಚುತ್ತಾ 'ಬಿಡು, ದೊಡ್ಡವರ ವಿಷಯ' ಅಂದೆ. ನಿನ್ನ ಕಾಗದದಲ್ಲಿ ಎರಡು ಸುದ್ದಿ ಅಂತ ಹೇಳಿ ಮೂರು ಬರೆದಿದ್ದೀಯ. ನಮ್ಮೂರಿನ ಕೊಳದ ಒಳಚಾವಣಿ ನೀನು ಮಾಡಿದ್ದು ತಾನೆ? ಅದರ ಫೋಟೋ ನಮ್ಮ ಮನೆ ಗೋಡೆ ಮೇಲೆ ನೇತಾಡ್ತಿತ್ತಲ್ಲ.

ಏನಾಗಿದೆ ಅಮ್ಮಾ? ಬಿಡಬೇಡ. ಬರಿ.

ಇಂತಿ
ನಿನ್ನ ಜೀರುಂಡೆ


ಫೆಬ್ರವರಿ 20

ಜೀರುಂಡೆ,

ಬರೀತೀನಿ. ಎರಡು ಸಲ ಬರೆದು ಹರಿದೆ, ಇದು ಮೂರನೇದು.

ಕೊಳದಲ್ಲಿ ನಿಂತು ತಲೆ ಎತ್ತಿದ್ರೆ ಕಾಣೋದು ಒಳಚಾವಣಿ. ನಿಜವಾದ ಚಾವಣಿ ಅದರ ಮೇಲಿದೆ. ಅಲ್ಲಿರೋ ದೊಡ್ಡ ತೊಲೆಗಳಿಂದ ನೂರ ಎಂಬತ್ತು ಸರಳು ಇಳಿಬಿಟ್ಟು ಈ ಒಳಚಾವಣೀನ ತೂಗುಹಾಕಿದ್ದೀವಿ. ಅದರ ಒಂದೊಂದು ಹಲಗೆ ಎತ್ತೋಕೆ ನಾಲ್ಕು ಜನ ಬೇಕು. ಆ ಸರಳುಗಳಿಗೆ ಸ್ಟೇನ್‌ಲೆಸ್ ಸ್ಟೀಲೇ ಆಗಬೇಕು ಅಂತ ಹಟ ಹಿಡಿದವಳು ನಾನು. ಬಣ್ಣ ಬಳಿದ ಕಬ್ಬಿಣ ಸಾಕು ಅಂದವರ ಜೊತೆ ಸಭೆಯಲ್ಲಿ ಮೇಜು ಕುಟ್ಟಿ ವಾದ ಮಾಡಿದ್ದೆ. ಇದಕ್ಕೆ ತುಕ್ಕು ಹಿಡಿಯೋ ಮಾತೇ ಇಲ್ಲ ಅಂದಿದ್ದೆ.

ತುಕ್ಕು ಹಿಡಿಯಲ್ಲ, ನಿಜ. ಆದ್ರೆ ಮುಚ್ಚಿದ ಈಜುಕೊಳದ ಗಾಳಿಯಲ್ಲಿ ನೀರಿನ ಕ್ಲೋರಿನ್ ಮೇಲೆದ್ದು ಆ ಲೋಹದ ಮೇಲೆ ಕೂರುತ್ತೆ. ಹೊರಗಿಂದ ಹೊಳಪು ಹಾಗೇ ಇರುತ್ತೆ, ಒಳಗೆ ಕೂದಲೆಳೆಯಂಥ ಬಿರುಕು ಓಡುತ್ತೆ. ಒಂದು ದಿನ ಸುಮ್ಮನೆ ತುಂಡಾಗುತ್ತೆ. ತುಂಡಾದದ್ದರ ಭಾರ ಪಕ್ಕದ ಸರಳಿಗೆ ಬೀಳುತ್ತೆ, ಅದು ತುಂಡಾದ್ರೆ ಅದರ ಪಕ್ಕದ್ದಕ್ಕೆ. ಕೆಳಗಿರೋರಿಗೆ ಕೊನೇ ಕ್ಷಣದವರೆಗೂ ಏನೂ ಕಾಣಲ್ಲ. ಆ ದೂರದ ಊರಲ್ಲಿ ಆದದ್ದು ಇದೇ.

ಕಟ್ಟುವಾಗ ಇದು ಯಾರಿಗೂ ಗೊತ್ತಿರಲಿಲ್ವಾ ಅಂತ ಕೇಳ್ತೀಯ. ಕೆಲವರಿಗೆ ಗೊತ್ತಿತ್ತು. ಬರೆದೂ ಇದ್ರು. ನಾನು ಓದಿರಲಿಲ್ಲ.

ಆರನೇ ತಾರೀಖು ದೊಡ್ಡವರಿಗೆ ಹೇಳಿದೆ. ಎದ್ದು ಬಾಗಿಲು ಹಾಕಿ ಬಂದ್ರು. 'ಅನುಮಾನ ತಾನೆ ತಾಯಿ? ಅನುಮಾನಕ್ಕೆಲ್ಲ ಕೊಳ ಮುಚ್ಚಿಸೋಕಾಗುತ್ತಾ? ಹದಿನಾರು ವರ್ಷ ನಿಂತಿದೆ, ಇನ್ನು ಮೂರು ತಿಂಗಳು ನಿಲ್ಲಲ್ವಾ? ಇಪ್ಪತ್ತೇಳು ಕಳೀಲಿ. ಬೇಸಿಗೆಯಲ್ಲಿ ರಿಪೇರಿ ಅಂತ ಹೇಳಿ ಸದ್ದಿಲ್ಲದೆ ಬದಲಾಯಿಸೋಣ' ಅಂದ್ರು. ನಾನು ಹೂಂ ಅನ್ನಲಿಲ್ಲ. ಆದ್ರೆ ಊಹೂಂ ಅಂತಾನೂ ಅನ್ನದೆ ಎದ್ದು ಬಂದೆ.

ಅವತ್ತಿಂದ ದಿನಾ ಕೊಳಕ್ಕೆ ಹೋಗಿ ಮೇಲಿನ ಬೆಂಚಲ್ಲಿ ಕೂರ್ತೀನಿ. ಕೋಚ್ ನೀರಲ್ಲಿ ಸೊಂಟದ ತನಕ ನಿಂತಿರ್ತಾರೆ. ಹತ್ತು ಹನ್ನೆರಡು ಚಿಳ್ಳೆಪಿಳ್ಳೆಗಳು ದಡದ ಕಂಬಿ ಹಿಡಿದು ಕಾಲು ಬಡೀತಿರ್ತವೆ. ಅವರು ತಲೆ ಎತ್ತಿ ನನ್ನ ಕಡೆ ಕೈ ಬೀಸ್ತಾರೆ, ನಾನೂ ಬೀಸ್ತೀನಿ. ನನ್ನ ಕಣ್ಣು ಮಾತ್ರ ಅವರ ತಲೆಗಿಂತ ಮೇಲೆ ಇರುತ್ತೆ. ಸೀಟಿ ಊದಿದ್ರೂ ಬೆಚ್ಚಿಬೀಳ್ತೀನಿ. ಅಲ್ಲಿ ಕೂತು ನಾನೇನು ತಡೀತೀನಿ? ಏನೂ ಇಲ್ಲ. ಆದ್ರೂ ಹೋಗದೆ ಇರೋಕಾಗಲ್ಲ.

'ಯಾಕೆ ಊಟ ಸೇರ್ತಿಲ್ಲ?' ಅಂತ ಕೇಳಿದ್ರು. ಹಲ್ಲುನೋವು ಅಂದೆ. ಮಾರನೇ ದಿನ ಮಾತ್ರೆ ತಂದುಕೊಟ್ರು. ಅವರ ಎದುರಿಗೇ ನುಂಗಿದೆ.

ಅವರಿಗೆ ಹೇಳಿದ್ರೆ ಕೊಳ ಮುಚ್ಚುತ್ತೆ, ಅವರ ಕೆಲಸ ಹೋಗುತ್ತೆ, ನನ್ನ ಮೇಲಿಟ್ಟ ನಂಬಿಕೆ ಹೋಗುತ್ತೆ ಅಂತ ನನಗೆ ನಾನೇ ಹೇಳ್ಕೋತಿದ್ದೀನಿ. ಅದೆಲ್ಲ ನಿಜಾನೇ. ಆದ್ರೆ ಇಪ್ಪತ್ತೇಳನೇ ತಾರೀಖು ನನ್ನ ಮನಸ್ಸಲ್ಲಿ ಇಲ್ಲ ಅಂದ್ರೆ ಅದು ಸುಳ್ಳು. ಇಪ್ಪತ್ತೆರಡು ವರ್ಷ ಕಾದ ಕುರ್ಚಿ. ನಿನಗಾದ್ರೂ ನಿಜ ಬರೆಯೋಣ ಅಂತ ಬರೆದೆ.

ಅಮ್ಮ


ಫೆಬ್ರವರಿ 26, ಸಂಜೆ

ಅಮ್ಮಾ,

ನಿನ್ನ ಕಾಗದ ಮಧ್ಯಾಹ್ನ ಬಂತು. ಶಾಲೆಯ ಅಂಗಳದಲ್ಲಿ ನಿಂತೇ ಓದಿದೆ. ನನ್ನ ಕ್ಲಾಸಿನ ಮಕ್ಕಳು ಸಾಲಾಗಿ ಕೈ ತೊಳೀತಿದ್ರು. ಅವರ ತಲೆಗಳನ್ನ ಒಂದೊಂದಾಗಿ ಎಣಿಸಿದೆ.

ನಿಂಗೆ ಆರು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಆಮೇಲೆ ಕೊಳದ ನಂಬರ್ ಹುಡುಕಿ ಫೋನ್ ಮಾಡಿದೆ. ಯಾರು ಎತ್ತಿದ್ರೂ 'ಎಲ್ಲರನ್ನೂ ಹೊರಗೆ ಕಳಿಸಿ' ಅಂತ ಕಿರುಚೋದು ಅಂದ್ಕೊಂಡಿದ್ದೆ. ನಾನು ಬಾಯಿ ತೆರೆಯೋ ಮುಂಚೆ ಒಬ್ಬರು ಗಂಡಸು 'ಇವತ್ತಿಂದ ಕೊಳ ಮುಚ್ಚಿದೆ. ಮಕ್ಕಳನ್ನ ಕಳಿಸಬೇಡಿ. ದಯವಿಟ್ಟು ಕಳಿಸಬೇಡಿ' ಅಂದ್ರು. ಏದುಸಿರು. 'ಕೇಳಿಸ್ತಾ ತಾಯಿ?' ಅಂದ್ರು. ಕೇಳಿಸ್ತು ಅಂದೆ. ಫೋನ್ ಇಟ್ಟೆ.

ಅವರೇ ತಾನೆ ಅದು?

ಅಂದ್ರೆ ನೀನು ಅವರಿಗೆ ಹೇಳಿದೆ ಅಂತ ಆಯ್ತು. ಏನಾಯ್ತು ಅಂತ ಬರಿ. ಎಲ್ಲರೂ ಚೆನ್ನಾಗಿದಾರೆ ಅಂತ ಮೊದಲನೇ ಸಾಲಲ್ಲಿ ಬರಿ, ಆಮೇಲೆ ಮಿಕ್ಕಿದ್ದು.

ಜೀರುಂಡೆ


ಮಾರ್ಚ್ 3

ಜೀರುಂಡೆ,

ಎಲ್ಲರೂ ಚೆನ್ನಾಗಿದಾರೆ. ಒಬ್ಬರಿಗೂ ಒಂದು ಗೀರೂ ಆಗಿಲ್ಲ.

ಹೌದು, ಫೋನ್ ಎತ್ತಿದ್ದು ಅವರೇ.

ಇಪ್ಪತ್ತಾರರ ಮಧ್ಯಾಹ್ನ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ವಿ. ಅವರು ಜೇಬಿಂದ ಏನೋ ತೆಗೆದು ನನ್ನ ತಟ್ಟೆ ಪಕ್ಕ ಇಟ್ರು. 'ಇದೇನು ಹೇಳು ನೋಡೋಣ ಇಂಜಿನಿಯರಮ್ಮಾ. ಬೆಳಿಗ್ಗೆ ಒಂಬತ್ತು ವರ್ಷದ ಹುಡುಗಿ ಒಬ್ಬಳು ಆಳದ ಕಡೆ ಮುಳುಗಿ ತಂದ್ಲು. ನಿಧಿ ಸಿಕ್ತು ಅಂತ ಕುಣೀತಿದ್ಲು' ಅಂದ್ರು.

ಒಂದು ನಟ್ಟು. ಅದರೊಳಗೆ ತುಂಡಾದ ಸರಳಿನ ಚೂರು ಕೂತಿತ್ತು. ಹೊರಗೆ ಫಳಫಳ ಹೊಳೀತಿತ್ತು. ಮುರಿದ ಮುಖ ಮಾತ್ರ ಕಲ್ಲುಸಕ್ಕರೆ ಒಡೆದ ಹಾಗೆ ಹರಳು ಹರಳಾಗಿತ್ತು. ಒಳಚಾವಣಿಯಲ್ಲಿ ದೀಪಕ್ಕೆ ಬಿಟ್ಟ ತೂತಿನಿಂದ ಜಾರಿ ನೀರಿಗೆ ಬಿದ್ದಿರಬೇಕು.

'ಈಗ ಒಳಗೆ ಯಾರಿದಾರೆ?' ಅಂದೆ.

'ಯಾರೂ ಇಲ್ಲ. ಮೂರು ಗಂಟೆಗೆ ಚಿಕ್ಕವರ ಕ್ಲಾಸು.'

'ಮೂರು ಗಂಟೆಗೆ ಕ್ಲಾಸಿಲ್ಲ' ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಒಳಚಾವಣಿ ಬೀಳಬಹುದು ಅಂತ ಎರಡೇ ಮಾತಲ್ಲಿ ಹೇಳಿದೆ. ಅವರು ಕೈ ಕೂಡ ತೊಳೀಲಿಲ್ಲ. ಬರಿಗಾಲಲ್ಲೇ ಎರಡು ಬೀದಿ ಓಡಿದ್ರು. ನಾನು ಹಿಂದೆ ಹಿಂದೆ. ಕೊಳದ ಬಾಗಿಲಿಗೆ ಬೀಗ ಜಡಿದ್ರು. ಕೊಳದ ಮ್ಯಾನೇಜರ್ ಬಂದು 'ಮೇಲಿಂದ ಪತ್ರ ಬರದೆ ಮುಚ್ಚೋಕೆ ನೀವ್ಯಾರು?' ಅಂತ ಕೂಗಾಡಿದ್ರು. 'ಬೇಕಾದ್ರೆ ನನ್ನ ಕೆಲಸ ತಗೊಳ್ಳಿ, ಬೀಗದ ಕೈ ಮಾತ್ರ ಕೊಡಲ್ಲ' ಅಂತ ಅವರು ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಟ್ರು. ಮೂರು ಗಂಟೆಗೆ ಚಿಕ್ಕವರು ಟವೆಲ್ ಹೆಗಲ ಮೇಲೆ ಹಾಕ್ಕೊಂಡು ಬಂದ್ರು. ಆ ಮಕ್ಕಳನ್ನ ವಾಪಸ್ ಕಳಿಸ್ತಾ ಕೋಚ್ ನಗ್ತಿದ್ರು. ಆ ನಗು ನೋಡೋಕಾಗದೆ ನಾನು ಗೋಡೆ ಕಡೆ ತಿರುಗಿದೆ. ನಿನ್ನ ಫೋನ್ ಬಂದದ್ದು ನಂಗೆ ಗೊತ್ತೇ ಆಗಲಿಲ್ಲ.

ಮಾರನೇ ದಿನ, ಅಂದ್ರೆ ಇಪ್ಪತ್ತೇಳು, ನಗರಸಭೆಯ ಇಂಜಿನಿಯರ್ ಜೊತೆ ನಾನು ಮೇಲಕ್ಕೆ ಹೋದೆ. ಚಾವಣಿಗೂ ಒಳಚಾವಣಿಗೂ ನಡುವೆ ತೊಲೆಗಳಿಗೆ ಕಟ್ಟಿದ ಕಿರಿದಾದ ಹಲಗೆ ದಾರಿ ಇದೆ. ಬಗ್ಗಿಕೊಂಡೇ ನಡೀಬೇಕು. ಟಾರ್ಚಿನ ಬೆಳಕಲ್ಲಿ ಸರಳುಗಳೆಲ್ಲ ಹೊಸದರ ಹಾಗೆ ಕಾಣ್ತಿದ್ವು. ಎಣಿಸ್ತಾ ಹೋದ್ವಿ. ನೂರ ಎಂಬತ್ತರಲ್ಲಿ ಮೂವತ್ತೇಳು ತುಂಡಾಗಿದ್ವು. ಅದರಲ್ಲಿ ಹನ್ನೊಂದು ಒಂದೇ ಸಾಲಲ್ಲಿ, ಕೊಳದ ಆಳ ಕಡಿಮೆ ಇರೋ ಕಡೆಗೆ. ಚಿಕ್ಕವರು ಕಂಬಿ ಹಿಡಿದು ಕಾಲು ಬಡಿಯೋ ಜಾಗಕ್ಕೆ ನೇರ ಮೇಲೆ. ಹನ್ನೆರಡನೇದನ್ನ ಬೆರಳ ತುದಿಯಿಂದ ಮುಟ್ಟಿದೆ. ಕೈಗೆ ಬಂತು.

'ಮೇಡಂ, ಹಾಗಾದ್ರೆ ಇದು ಯಾವುದರ ಮೇಲೆ ನಿಂತಿದೆ?' ಅಂತ ಆ ಇಂಜಿನಿಯರ್ ಪಿಸುಗುಟ್ಟಿದ್ರು. ಜೋರಾಗಿ ಮಾತಾಡೋಕೂ ಭಯ ಆಗ್ತಿತ್ತು ಇಬ್ಬರಿಗೂ.

'ಅಭ್ಯಾಸಬಲದ ಮೇಲೆ' ಅಂದೆ. ಯಾಕೆ ಹಾಗಂದೆನೋ. ಇಬ್ಬರೂ ನಗಲಿಲ್ಲ.

ಆಫೀಸಿನ ಸಭೆ ನಾನಿಲ್ಲದೇ ನಡೀತು. ನನ್ನ ಹೆಸರು ಹೇಳಲಿಲ್ಲ. ಅದು ಹಾಗಿರಲಿ. ನನಗೆ ಭಯ ಆಗ್ತಿರೋದು ಬೇರೆ. ಪತ್ರಿಕೆಯವರು ನಟ್ಟಿನ ಕಥೆ ಬರೆದಿದಾರೆ. ನಟ್ಟು ನೋಡಿದ ಕ್ಷಣದಲ್ಲೇ ಅಪಾಯ ಗುರುತಿಸಿ, ತನ್ನದೇ ತಪ್ಪು ಒಪ್ಪಿಕೊಂಡು ಮಕ್ಕಳನ್ನ ಉಳಿಸಿದ ಇಂಜಿನಿಯರ್ ಅಂತೆ ನಾನು. ಬೀದಿಯಲ್ಲಿ ಜನ ನಿಲ್ಲಿಸಿ ಕೈ ಹಿಡ್ಕೋತಾರೆ. ಕೋಚ್ ಆ ಪೇಪರ್ ಮಡಚಿ ಅಂಗಿ ಜೇಬಲ್ಲಿ ಇಟ್ಕೊಂಡು ಓಡಾಡ್ತಿದಾರೆ, ಕಂಡಕಂಡವರಿಗೆ ತೋರಿಸ್ತಾರೆ.

ನನಗೆ ಯಾವತ್ತಿಂದ ಗೊತ್ತಿತ್ತು ಅಂತ ಅವರು ಕೇಳಿಲ್ಲ. ನಾನು ಹೇಳಿಲ್ಲ.

ಅಮ್ಮ


ಮಾರ್ಚ್ 9

ಅಮ್ಮಾ,

ಫೆಬ್ರವರಿ ಮೂರರಿಂದ ಇಪ್ಪತ್ತಾರು. ಕ್ಯಾಲೆಂಡರ್ ಮುಂದೆ ನಿಂತು ಬೆರಳಿಟ್ಟು ಎಣಿಸಿದೆ. ಇಪ್ಪತ್ತಮೂರು ದಿನ.

ನನ್ನ ಕ್ಲಾಸಲ್ಲಿ ಇಪ್ಪತ್ತೆಂಟು ಮಕ್ಕಳಿದಾರೆ. ಹೋದ ವಾರ ಒಂದು ಕಿಟಕಿಯ ಗಾಜು ಸಡಿಲ ಆಗಿದೆ ಅಂತ ಗೊತ್ತಾದ ಕೂಡಲೇ ಆ ಸಾಲಿನ ಮಕ್ಕಳನ್ನ ಎಬ್ಬಿಸಿ ಈ ಕಡೆ ಕೂರಿಸಿದೆ. ಅದಕ್ಕೆ ನಂಗೆ ಒಂದು ನಿಮಿಷ ಹಿಡೀತು. ನಾನು ದೊಡ್ಡ ಮನುಷ್ಯಳು ಅಂತ ಹೇಳ್ಕೊಳ್ಳೋಕೆ ಇದನ್ನ ಬರೀತಿಲ್ಲ. ನಂಗೆ ಆ ಗಾಜಿಂದ ಕಳ್ಕೊಳ್ಳೋದು ಏನೂ ಇರಲಿಲ್ಲ, ನಿಂಗೆ ಎಲ್ಲಾ ಇತ್ತು. ಗೊತ್ತು. ಗೊತ್ತಿದ್ರೂ ಸಿಟ್ಟು ಇಳೀತಿಲ್ಲ. ನೀನು ಆ ಬೆಂಚಲ್ಲಿ ಕೂತು ಅವರಿಗೆ ಕೈ ಬೀಸಿದ್ದು ಕಣ್ಮುಂದೆ ಬರುತ್ತೆ.

ಪೇಪರ್ ಇಲ್ಲಿಗೂ ಬಂದಿದೆ. ಸ್ಟಾಫ್ ರೂಮಲ್ಲಿ ಎಲ್ಲರೂ ನನ್ನ ಬೆನ್ನು ತಟ್ಟಿದ್ರು. 'ಎಂಥಾ ತಾಯಿ!' ಅಂದ್ರು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ನಿಂತಿದ್ದೆ.

ವಿಚಾರಣೆ ಇದೆ ಅಂತಾನೂ ಓದಿದೆ. ಆ ತಾರೀಖು ಗೊತ್ತಿರೋದು ಮೂರು ಜನಕ್ಕೆ. ನಿಂಗೆ, ದೊಡ್ಡವರಿಗೆ, ನಂಗೆ. ಅವರು ಹೇಳಲ್ಲ, ಹೇಳಿದ್ರೆ ಅವರೇ ಸಿಕ್ಕಿಹಾಕ್ಕೋತಾರೆ. ನಾನೂ ಹೇಳಲ್ಲ. ಯಾರು ಕೇಳಿದ್ರೂ ಹೇಳಲ್ಲ. ನೀನು ಏನು ಮಾಡಬೇಕು ಅಂತ ನನ್ನ ಕೇಳಬೇಡ.

ಒಂದು ಮಾತು ಮಾತ್ರ ಬರೀತೀನಿ, ಆಮೇಲೆ ಇದರ ಬಗ್ಗೆ ಮಾತಾಡೋದು ಬೇಡ. ಅಮ್ಮ ಇಪ್ಪತ್ತಾರು ಅಂತ ಹೇಳಿ ಪಾರಾಗಿಬಿಡ್ಲಿ ಅಂತ ನನ್ನೊಳಗೆ ಒಬ್ಬಳು ಬೇಡ್ಕೋತಿದಾಳೆ. ಮಕ್ಕಳಿಗೆ ದಿನಾ ನಿಜ ಹೇಳಿ ಅಂತ ಕಲಿಸೋಳು ಇವಳೇ. ನಂಗೆ ಈಗ ಭಯ ಆಗ್ತಿರೋದು ಇವಳನ್ನ ಕಂಡ್ರೆ.

ಜೀರುಂಡೆ


ಮಾರ್ಚ್ 20

ಜೀರುಂಡೆ,

ನಾಳಿದ್ದು ವಿಚಾರಣೆ. ನಿನ್ನ ಕಾಗದಕ್ಕೆ ಉತ್ತರ ಬರೆಯೋಕೆ ದಿನಾ ಕೂತೆ, ಆಗಲಿಲ್ಲ.

ವಕೀಲರು ಬಂದಿದ್ರು. 'ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ನಟ್ಟು ನೋಡಿದ್ರಿ, ಗೊತ್ತಾಯ್ತು, ಹೇಳಿದ್ರಿ. ಅಷ್ಟೇ' ಅಂತ ಮೂರು ಸಲ ಬಾಯಿಪಾಠ ಮಾಡಿಸಿದ್ರು. ಮೂರನೇ ಸಲ ಎಷ್ಟು ಸಲೀಸಾಗಿ ಬಂತು ಅಂದ್ರೆ ನಂಗೇ ಗಾಬರಿ ಆಯ್ತು.

ಕೋಚೂ ಬರ್ತಾರಂತೆ. ಬಿಳಿ ಅಂಗಿ ಇಸ್ತ್ರಿಗೆ ಕೊಟ್ಟಿದಾರೆ. 'ಮೂರನೇ ಸಾಲಲ್ಲಿ ಕೂರ್ತೀನಿ, ಹೆದರಿಕೆ ಆದ್ರೆ ನನ್ನ ಕಡೆ ನೋಡು' ಅಂದ್ರು.

ನಂಗೆ ಹೆದರಿಕೆ ಇರೋದೇ ಆ ಮೂರನೇ ಸಾಲಿಂದ.

ಅಮ್ಮ


ಏಪ್ರಿಲ್ 3

ಅಮ್ಮಾ,

ಎರಡು ವಾರ ಆಯ್ತು. ಕಾಗದ ಇಲ್ಲ. ಫೋನ್ ಮಾಡಿದ್ರೆ 'ಚೆನ್ನಾಗಿದ್ದೀನಿ, ಆಮೇಲೆ ಬರೀತೀನಿ' ಅಂತ ಇಟ್ಟುಬಿಟ್ಟೆ. ಪೇಪರಲ್ಲಿ ನಾಲ್ಕೇ ಸಾಲು ಬಂದಿತ್ತು. ಓದಿದೆ. ಏನು ಹೇಳಿದೆ ಅಂತ ಗೊತ್ತಾಯ್ತು. ನೀನು ಹೇಗಿದ್ದೀಯ ಅಂತ ಗೊತ್ತಾಗಲಿಲ್ಲ.

ಇಲ್ಲಿ ಸ್ಟಾಫ್ ರೂಮಲ್ಲಿ ಈಗ ಯಾರೂ ಬೆನ್ನು ತಟ್ಟಲ್ಲ. ನಾನು ಒಳಗೆ ಹೋದ್ರೆ ಮಾತು ನಿಲ್ಲಿಸ್ತಾರೆ. ನಿಲ್ಲಿಸ್ಲಿ. ನಂಗೆ ಉಸಿರಾಡೋಕೆ ಆಗ್ತಿದೆ.

ಹದಿನೆಂಟಕ್ಕೆ ರಜೆ ಶುರು. ಬರ್ತೀನಿ. ಬೇಡ ಅಂದ್ರೂ ಬರ್ತೀನಿ.

ಜೀರುಂಡೆ


ಏಪ್ರಿಲ್ 7

ನನ್ನ ಜೀರುಂಡೆಗೆ,

ಬಾ. ನಿನ್ನ ಕೋಣೆ ಗುಡಿಸಿ ಕಿಟಕಿ ತೆರೆದಿಟ್ಟಿದ್ದೀನಿ. ಈಗ ನಂಗೆ ಪುರುಸೊತ್ತೋ ಪುರುಸೊತ್ತು.

ವಿಚಾರಣೆ ನಡೆದದ್ದು ನಗರಸಭೆಯ ಉದ್ದನೆಯ ಕೋಣೆಯಲ್ಲಿ. ದೊಡ್ಡವರು ನನಗಿಂತ ಮುಂಚೆ ಸಾಕ್ಷಿ ಹೇಳಿದ್ರು. ಫೆಬ್ರವರಿಯಲ್ಲಿ ನಾನು ಅವರ ಹತ್ರ ಏನೂ ಮಾತಾಡಿದ ನೆನಪಿಲ್ಲ ಅಂದ್ರು. ಆಮೇಲೆ ನನ್ನ ಸರದಿ. ಅಧ್ಯಕ್ಷರು ವಯಸ್ಸಾದವರು, ಮೆತ್ತನೆ ಮಾತು. ನೀರು ಬೇಕಾ ಅಂತ ಕೇಳಿದ್ರು. ಸರಳಿನ ವಿಷಯ, ನಕ್ಷೆಯ ವಿಷಯ ಎಲ್ಲಾ ಕೇಳಿದ ಮೇಲೆ, 'ನಿಮಗೆ ಮೊಟ್ಟಮೊದಲು ಅನುಮಾನ ಬಂದದ್ದು ಯಾವತ್ತು?' ಅಂದ್ರು.

ನಾಲಗೆ ತುದಿಯಲ್ಲಿ ಇಪ್ಪತ್ತಾರು ಇತ್ತು. ನಾನು ಮೂರನೇ ಸಾಲಿನ ಕಡೆ ನೋಡಿದೆ. ಅವರು ತಲೆ ಅಲ್ಲಾಡಿಸಿದ್ರು, ಧೈರ್ಯವಾಗಿ ಹೇಳು ಅನ್ನೋ ಹಾಗೆ.

'ಮೂರನೇ ತಾರೀಖು' ಅಂದೆ.

ಬರ್ಕೊಳ್ಳೋ ಗುಮಾಸ್ತೆ ತಲೆ ಎತ್ತಿದ್ಲು. ಅಧ್ಯಕ್ಷರು ಕಾಗದ ತಿರುವಿ, 'ಮಾರ್ಚ್ ಮೂರಾ? ಅಷ್ಟು ಹೊತ್ತಿಗೆ ಕೊಳ ಮುಚ್ಚಿ ಆಗಿತ್ತಲ್ಲಮ್ಮ. ಗಾಬರಿ ಆಗಬೇಡಿ, ನೆನಪು ಮಾಡ್ಕೊಂಡು ಹೇಳಿ' ಅಂದ್ರು. ಪಾಪ, ನನಗೆ ದಾರಿ ಮಾಡಿಕೊಡ್ತಿದ್ರು. ಆಗಲೂ ಒಂದು ಕ್ಷಣ ಆಸೆ ಆಯ್ತು. ಮುಚ್ಚಿಡಲ್ಲ.

'ಅಲ್ಲ ಸಾರ್. ಫೆಬ್ರವರಿ ಮೂರು. ನಟ್ಟು ಸಿಗೋ ಇಪ್ಪತ್ತಮೂರು ದಿನ ಮುಂಚೆ.'

ಮತ್ತೆ ಮೂರನೇ ಸಾಲಿನ ಕಡೆ ನೋಡಿದೆ. ಅವರು ತಲೆ ತಗ್ಗಿಸಿ ತಮ್ಮ ಎರಡೂ ಅಂಗೈ ನೋಡ್ಕೊಂಡ್ರು. ಆಮೇಲೆ ಎದ್ದು, ಪಕ್ಕದವರ ಕಾಲು ತುಳಿಯದ ಹಾಗೆ ಜಾಗ್ರತೆಯಾಗಿ ದಾಟಿ, ಹೊರಗೆ ಹೋದ್ರು. ಬಾಗಿಲನ್ನ ಸದ್ದಾಗದ ಹಾಗೆ ಎಳ್ಕೊಂಡ್ರು.

ಮೆಟ್ಟಿಲು ಇಳಿಯುವಾಗ ಒಬ್ಬ ಹೆಂಗಸು ಅಡ್ಡ ನಿಂತ್ರು. ನಟ್ಟು ತಂದ ಆ ಹುಡುಗಿಯ ತಾಯಿ. 'ನನ್ನ ಮಗಳು ಆ ದಿನಗಳಲ್ಲಿ ಹದಿಮೂರು ಸಲ ನೀರಿಗಿಳಿದಿದಾಳೆ. ನಿಮಗೆ ಮಕ್ಕಳಿದಾರಾ?' ಅಂದ್ರು.

'ಒಬ್ಬಳು ಮಗಳು.'

'ಅವಳನ್ನಾಗಿದ್ರೆ ಕಳಿಸ್ತಿದ್ರಾ?'

ಇಲ್ಲ ಅಂದೆ. ಅವರು ಬಯ್ಯಲಿಲ್ಲ. ಬಯ್ದಿದ್ರೆ ಚೆನ್ನಾಗಿತ್ತು. ಹಾಗಾ ಅನ್ನೋ ಹಾಗೆ ಒಂದು ಸಲ ನೋಡಿ, ಸೆರಗು ಸರಿ ಮಾಡ್ಕೊಂಡು ಇಳಿದು ಹೋದ್ರು.

ಐದು ವರ್ಷ ನಾನು ಯಾವ ನಕ್ಷೆಗೂ ಸಹಿ ಹಾಕೋ ಹಾಗಿಲ್ಲ. ಆಫೀಸಿನವರು ರಾಜೀನಾಮೆ ಕೇಳೋ ಮುಂಚೆ ನಾನೇ ಕೊಟ್ಟೆ. ಇಪ್ಪತ್ತೆರಡು ವರ್ಷದ ಸಾಮಾನು ಎರಡೇ ಪೆಟ್ಟಿಗೆಯಲ್ಲಿ ಹಿಡೀತು. ಒಳಚಾವಣಿಗೆ ಕೆಳಗಿಂದ ಕಂಬ ಕೊಟ್ಟು ಹಲಗೆ ಹಲಗೆಯಾಗಿ ಇಳಿಸ್ತಿದಾರೆ. ಕೊಳ ತೆರೆಯೋಕೆ ಇನ್ನೊಂದು ವರ್ಷ ಬೇಕಂತೆ.

ಹದಿನೈದು ದಿನ ಅವರ ಸುದ್ದಿ ಇಲ್ಲ. ನಾನು ಹೋಗಲಿಲ್ಲ. ಹೋಗೋ ಮುಖ ಇರಲಿಲ್ಲ. ದಿನಾ ಬೆಳಿಗ್ಗೆ ಬಾಗಿಲು ತೆರೆಯುವಾಗ ಒಂದು ಕ್ಷಣ ಚಿಲಕ ಹಿಡಿದು ನಿಲ್ತಿದ್ದೆ. ಯಾರಾದ್ರೂ ಬಂದಿರಬಹುದು ಅಂತ ಒಂದು ಹೆದರಿಕೆ, ಯಾರೂ ಬಂದಿರಲ್ಲ ಅಂತ ಇನ್ನೊಂದು.

ನಿನ್ನೆ ಹನ್ನೊಂದು ಗಂಟೆಗೆ ಬಂದ್ರು. ಒಳಗೆ ಬನ್ನಿ ಅಂದೆ. ಬೇಡ ಅಂತ ಹೊರಗಿನ ಮೆಟ್ಟಿಲ ಮೇಲೆ ಕೂತ್ರು. ನಾನು ಎರಡು ಮೆಟ್ಟಿಲು ಕೆಳಗೆ ಕೂತೆ.

'ಲೆಕ್ಕ ಹಾಕಿದೆ' ಅಂದ್ರು. 'ಇಪ್ಪತ್ತಮೂರು ದಿನದಲ್ಲಿ ನೀವು ನನ್ನ ಜೊತೆ ಹದಿನೇಳು ಸಲ ಊಟ ಮಾಡಿದ್ದೀರಿ.'

'ನೀವು' ಅಂದ್ರು, ಜೀರುಂಡೆ. ಎರಡು ವರ್ಷದಿಂದ 'ನೀನು' ಅಂತಿದ್ದವರು.

'ಭಯ ಆಯ್ತು ನಂಗೆ' ಅಂದೆ. 'ಕುರ್ಚಿ ಹೋಗುತ್ತೆ ಅಂತ. ನೀವು ಹೋಗ್ತೀರಿ ಅಂತ. ಯಾವುದು ಮೊದಲು, ಯಾವುದು ಆಮೇಲೆ ಅಂತ ಕೇಳಿದ್ರೆ ಹೇಳೋಕೆ ಬರಲ್ಲ.'

'ನಂಗೆ ಸಿಟ್ಟಿರೋದು ಅದಕ್ಕಲ್ಲ. ಮಕ್ಕಳ ವಿಷಯಕ್ಕೆ ಸಿಟ್ಟಿದೆ, ಅದು ಯಾವತ್ತೂ ಹೋಗಲ್ಲ. ಆದ್ರೆ ಆ ಹದಿನೇಳು ಊಟದಲ್ಲೂ ನಾನು ನಿಮ್ಮ ಎದುರಿಗೇ ಕೂತಿದ್ದೆ. ನೀರಲ್ಲಿ ಒಂದು ಮಗುವಿಗೆ ಹೆದರಿಕೆ ಆದ್ರೆ ಅದರ ಬೆನ್ನು ನೋಡೇ ಹೇಳ್ತೀನಿ ನಾನು. ನಿಮ್ಮ ಮುಖ ನೋಡಿ ಗೊತ್ತಾಗಲಿಲ್ಲ. ಈಗ ನಂಗೆ ಭಯ. ಇನ್ನು ಮುಂದೆ ನಿಮ್ಮ ಎದುರು ಕೂತಾಗೆಲ್ಲ ಒಳಗೆ ಏನಿದೆಯೋ ಅಂತ ಅನ್ನಿಸುತ್ತಲ್ಲಾ, ಆ ಭಯ.'

ಏನು ಹೇಳಿದ್ರೂ ಇನ್ನೊಂದು ಹಲ್ಲುನೋವಿನ ಹಾಗೇ ಕೇಳಿಸ್ತಿತ್ತು.

'ಈಗ ಏನಕ್ಕೆ ಹೆದರ್ತಿದೀರಿ?' ಅಂದ್ರು. 'ಈಗ, ಈ ಕ್ಷಣ. ನಿಜ ಹೇಳಿ.'

'ನೀವು ಎದ್ದು ಹೋಗ್ತೀರಿ ಅಂತ.'

'ಹೋಗ್ತೀನಿ' ಅಂದ್ರು. ಸ್ವಲ್ಪ ತಡೆದು, 'ಈಗಲೇ ಅಲ್ಲ' ಅಂದ್ರು.

ಬಿಸಿಲು ಮೆಟ್ಟಿಲ ಮೇಲೆ ಬರೋ ತನಕ ಕೂತಿದ್ವಿ. ಮದುವೆಯ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನೀನು ಹದಿನೆಂಟಕ್ಕೆ ಬರ್ತೀಯ ಅಂತ ಹೇಳಿದೆ. ಅವತ್ತು ಫೋನಲ್ಲಿ ಮಾತಾಡಿದ್ದು ನೀನೇ ಅಂತಾನೂ ಹೇಳಿದೆ. 'ಓ, ಆ ಮಗೂನಾ' ಅಂದ್ರು. ಅಷ್ಟೊತ್ತಿಗೆ ಮೊದಲನೇ ಸಲ ಮುಖ ಸ್ವಲ್ಪ ಸಡಿಲ ಆಯ್ತು.

ಎದ್ದು ಚಪ್ಪಲಿ ಮೆಟ್ಕೊಂಡ್ರು. ಗೇಟಿನ ತನಕ ನಾನೂ ಹೋದೆ. ಚಿಲಕ ತೆಗೀವಾಗ ಅವರ ಬೆನ್ನು ನೋಡ್ತಾ ನಿಂತಿದ್ದೆ. ಯಾವ ಮಾತು ಹೇಳಿ ಹೋಗ್ತಾರೋ ಅಂತ ಕಾಯ್ತಿದ್ದೆ.

'ಬರ್ತೀನಿ' ಅಂದ್ರು.

ಹೊರಡುವಾಗ ಎಲ್ಲರೂ ಅನ್ನೋದು ಅದನ್ನೇ. ಹಾಲಿನವನೂ ಅಂತಾನೆ, ಟಪಾಲಿನವನೂ ಅಂತಾನೆ. ಅದಕ್ಕೆ ದೊಡ್ಡ ಅರ್ಥ ಹಚ್ಚಬಾರದು ಅಂತ ನಂಗೂ ಗೊತ್ತು. ಆದ್ರೂ ಅವರು ಬೀದಿ ತಿರುವು ದಾಟಿ ಎಷ್ಟೋ ಹೊತ್ತಾದ ಮೇಲೂ ನಾನು ಗೇಟು ಹಿಡ್ಕೊಂಡು ಅಲ್ಲೇ ನಿಂತಿದ್ದೆ.

ನಿನ್ನ
ಅಮ್ಮ